ಆರು ಮರಸೇಬು, ಐದೂವರೆ ಗಂಟೆ

"ಮುಚ್ಚಳ ತೆಗೀರಿ ಅಜ್ಜಾ," ಎಂದಳು ಉತ್ತರ ಚೀನಾದ ಹಾರ್ಬಿನ್ ವಿಮಾನ ನಿಲ್ದಾಣದ ತಪಾಸಣೆಯ ಹುಡುಗಿ.

ತೊಂಗ್ ದಶಾನ್ ಮರದ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತ. "ತೆಗೆದ್ರೆ ತಂಪು ಹೋಗುತ್ತಮ್ಮ. ಆರು ಮರಸೇಬು ಇವೆ, ಹೆಪ್ಪುಗಟ್ಟಿದ್ದು. ಬೇರೇನಿಲ್ಲ."

"ಪರದೆ ಮೇಲೆ ಕರೀ ಗುಂಡಿನಂಗೆ ಕಾಣ್ತಿವೆ."

"ಹೆಪ್ಪುಗಟ್ಟಿದ ಮೇಲೆ ಕೈಯಲ್ಲಿ ಹಿಡಿದ್ರೂ ಹಂಗೇ ಕಾಣ್ತವೆ. ನೀನು ಹಾರ್ಬಿನ್ ಹುಡುಗಿ ಅಲ್ವಾ?"

"ಇಲ್ಲೇ ಹುಟ್ಟಿದ್ದು. ಆದ್ರೂ ತೆಗೀರಿ."

ಪೆಟ್ಟಿಗೆ ಅವನ ಹೆಂಡತಿ ಗ್ವೇಛಿನ್‌ಳದು. ಹನ್ನೊಂದು ಬೇಸಿಗೆ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಐಸ್‌ಕ್ಯಾಂಡಿ ಮಾರಿದವಳು. ಒಳಗೆ ಸುತ್ತಲೂ ಹತ್ತಿಯ ರಜಾಯಿ ಹೊಲಿದವಳೂ ಅವಳೇ. ಈಗ ಕೆಮ್ಮಿಗೆ ಹೆದರಿ ಚಳಿಗಾಲ ಕಳೆಯಲು ದಕ್ಷಿಣದ ಸಾನ್ಯಾದಲ್ಲಿ ಮಗಳ ಮನೆಗೆ ಹೋಗಿದ್ದಳು. ಅಲ್ಲಿ ಜ್ವರ ಬಂದು ಹೋಯಿತು, ಹಸಿವು ಮಾತ್ರ ಹಿಂದಿರುಗಲಿಲ್ಲ. ಎಂಟು ದಿನದಿಂದ ಗಂಜಿಯ ಬಟ್ಟಲನ್ನು ದೂಡುತ್ತಿದ್ದಳು. ಕೇಳಿದ್ದು ಒಂದೇ: ನಮ್ಮೂರ ಮಂಜಿನಲ್ಲಿ ಹೆಪ್ಪುಗಟ್ಟಿದ ಮರಸೇಬು. ಮಗಳು ಯಿಂಗ್ ಫ್ರಿಜ್‌ನಲ್ಲಿಟ್ಟು ಕೊಟ್ಟದ್ದನ್ನು ಒಮ್ಮೆ ಕಚ್ಚಿ ಪಕ್ಕಕ್ಕಿಟ್ಟಿದ್ದಳು.

"ಅಪ್ಪಾ, ಮೂರು ಸಾವಿರದ ನಾನೂರು ಕಿಲೋಮೀಟರು. ವಿಮಾನದಲ್ಲೇ ಐದೂವರೆ ಗಂಟೆ," ಎಂದಿದ್ದಳು ಯಿಂಗ್ ಫೋನಿನಲ್ಲಿ. "ನೀವು ಬರೋ ಹೊತ್ತಿಗೆ ಪಾನಕ ಆಗಿರುತ್ತೆ." ಕಿಲೋಮೀಟರು ತೊಂಗ್‌ಗೆ ಲೆಕ್ಕಕ್ಕಿರಲಿಲ್ಲ. ಐಸ್‌ಕ್ಯಾಂಡಿ ಕಾರ್ಖಾನೆ ಬಾಗಿಲಿನಿಂದ ಕೊನೆಯ ಓಣಿಯವರೆಗೆ ಗ್ವೇಛಿನ್‌ಗೆ ಆರು ಗಂಟೆ ಹಿಡಿಯುತ್ತಿತ್ತು. ಒಂದು ಕ್ಯಾಂಡಿಯೂ ಹನಿ ಇಕ್ಕಿದ್ದಿಲ್ಲ.

ಮುಚ್ಚಳ ತೆಗೆದ. ಹುಡುಗಿ ಒಂದು ಹಣ್ಣನ್ನು ಬೆರಳಿನಿಂದ ಒತ್ತಿದಳು; ಕಲ್ಲು. ರಜಾಯಿಯ ಅಂಚನ್ನು ತಾನೇ ಒಳಕ್ಕೆ ಸಿಕ್ಕಿಸಿ ಬಿಗಿಯಾಗಿ ಮುಚ್ಚಿದಳು. "ಇನ್ನು ಯಾರು ಕೇಳಿದ್ರೂ ತೆಗೀಬೇಡಿ," ಎಂದಳು.

ವಿಮಾನದಲ್ಲಿ ತನ್ನ ದಪ್ಪ ಕೋಟು ಬಿಚ್ಚಿ ಪೆಟ್ಟಿಗೆಗೆ ಸುತ್ತಿ, ಎದುರಿನ ಸೀಟಿನಡಿ ಇಟ್ಟ. ಐದು ಗಂಟೆ ಹೊತ್ತು ಅದಕ್ಕೆ ಕಾಲು ತಾಗಿಸದೆ ಕುಳಿತ. ಸಾನ್ಯಾದಲ್ಲಿ ಇಪ್ಪತ್ತೇಳು ಡಿಗ್ರಿ ಇದೆ ಎಂದು ಪೈಲಟ್ ಹೇಳಿದಾಗ ಮಾತ್ರ ತಡೆಯಲಾಗಲಿಲ್ಲ. ಬಗ್ಗಿ, ಮುಚ್ಚಳ ತುಸು ಎತ್ತಿ ಒಂದು ಕೈ ಒಳಗೆ ತೂರಿಸಿದ.

ಮಗಳ ಮನೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ ಗ್ವೇಛಿನ್ ಅವನ ದನಿಗೆ ತಿರುಗಲಿಲ್ಲ. ಪೆಟ್ಟಿಗೆ ಮಂಚದ ಮೇಲೆ ಕೂತ ಸದ್ದಿಗೆ ತಿರುಗಿದಳು.

"ಮುದುಕಾ, ಮುಚ್ಚಳ ಎಷ್ಟು ಸಲ ತೆಗೆದೆ?"

"ಒಂದೇ ಸಲ. ತಪಾಸಣೆಯವರು ಬಿಡಲಿಲ್ಲ."

"ಯಿಂಗ್, ಬಟ್ಟಲು ತಾ. ತಣ್ಣೀರು ಹಾಕು."

ಯಿಂಗ್ ಒಂದು ಹಣ್ಣನ್ನು ನೀರಿಗೆ ಬಿಟ್ಟಳು. ಒಳಗಿನ ಚಳಿಯೆಲ್ಲ ಹೊರಬಂದು ಹಣ್ಣಿನ ಸುತ್ತ ನೀರು ಗಾಜಿನಂಥ ಚಿಪ್ಪು ಕಟ್ಟಬೇಕು. ಊರಲ್ಲಾದರೆ ಬೆರಳಷ್ಟು ದಪ್ಪ. ಮೂವರೂ ಬಟ್ಟಲನ್ನೇ ನೋಡುತ್ತ ಕೂತರು. ಬಹಳ ಹೊತ್ತಿನ ಮೇಲೆ ಕಟ್ಟಿತು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

ಗ್ವೇಛಿನ್ ಚಮಚದ ಬೆನ್ನಿನಿಂದ ಟಕ್ಕೆಂದು ಒಡೆದಳು. ಕಪ್ಪು ಸಿಪ್ಪೆಗೆ ಬಾಯಿಟ್ಟು, ಕಣ್ಣು ಮುಚ್ಚಿ, ರಸವೆಲ್ಲ ಹೀರಿ, ತೊಟ್ಟಷ್ಟೇ ಉಳಿಸಿದಳು.

"ಎರಡು ಸಲ ತೆಗೆದಿದ್ದೀಯ," ಎಂದಳು, ಇನ್ನೊಂದಕ್ಕೆ ಕೈ ಚಾಚುತ್ತ.