ಬಾಗಿಲು ತಿಂದ ತೀರ್ಪುಗಾರರು

ಥರ್ಮೋಕೋಲ್ ನಲವತ್ತು ರೂಪಾಯಿ, ಕಡಲೇಬೀಜ ಮೂವತ್ತು, ಕೋಡುಬಳೆ ಮಾತ್ರ ಮನೆಯಲ್ಲೇ ಕರಿದದ್ದು. ಒಂಬತ್ತನೇ ತರಗತಿಯ ಮೊಮ್ಮಗಳ ವಿಜ್ಞಾನ ಪ್ರದರ್ಶನಕ್ಕೆ, ಶಾಲೆಯ ಮೆಟ್ಟಿಲನ್ನೇ ಹತ್ತದ ಸಾಕಮ್ಮ ಹಾಕಿದ ಬಂಡವಾಳ ಇಷ್ಟು. ಕಡಲೇಬೀಜದ ಎರಡು ಸಾಲು ಜೀವಕೋಶದ ಪೊರೆ. ನಡುವೆ ಸಿಕ್ಕಿಸಿದ ಕೋಡುಬಳೆಗಳು ಪ್ರೋಟೀನು. ಹುಡುಗಿ ವಾರವಿಡೀ ಒಲೆಯ ಪಕ್ಕ ಕೂತು ಅಜ್ಜಿಗೆ ಪಾಠ ಒಪ್ಪಿಸಿದ್ದಳು. ಬಹುಮಾನ ಬಾರದಿದ್ದರೆ ಊಟ ಬಿಡುತ್ತೇನೆಂದು ಹೆದರಿಸಿಯೂ ಇದ್ದಳು.

ಬೆಳಗಿನಿಂದ ಸುತ್ತಿ ಹಸಿದಿದ್ದ ತೀರ್ಪುಗಾರರು ಅವಳ ವಿವರಣೆ ಕೇಳುತ್ತ ಕೇಳುತ್ತಲೇ ಒಂದು ಕೋಡುಬಳೆ ಕಿತ್ತು ಬಾಯಿಗೆ ಹಾಕಿಕೊಂಡರು. ಹುಡುಗಿಯ ಮಾತು ಅಲ್ಲೇ ನಿಂತಿತು, ಕಣ್ಣು ತುಂಬಿತು.

"ಅಯ್ಯೋ ಸ್ವಾಮಿ, ಬಾಗಿಲನ್ನೇ ತಿಂದ್ಬಿಟ್ರಲ್ಲ!" ಎಂದು ಸಾಕಮ್ಮ ಹಿಂದಿನಿಂದ ನುಗ್ಗಿ ಬಂದಳು. "ಇನ್ನು ಸಕ್ಕರೆ ಒಳಕ್ಕೆ ಹೆಂಗೆ ಹೋಗ್ಬೇಕು?"

"ಗೋಡೆ ದಾಟ್ಕೊಂಡು ಹೋಗ್ಲಿ ಬಿಡಮ್ಮ," ಎಂದು ಅವರು ನಕ್ಕರು.

"ಅದು ಕೊಬ್ಬಿನ ಗೋಡೆ ಕಣ್ರೀ, ಸಕ್ಕರೇನ ಬಿಟ್ಕೊಳ್ಳಲ್ಲ. ಆ ಪಕ್ಕದ್ದು ಉಪ್ಪನ್ನ ಹೊರಕ್ಕೆ ತಳ್ಳೋ ಪಂಪು. ಈ ತುದೀದು ಹೊರಗಿನ ಸುದ್ದಿ ಒಳಕ್ಕೆ ಮುಟ್ಟಿಸೋದು. ಅದನ್ನೂ ತಿಂದೀರಿ, ಹುಷಾರು!"

ಸಂಜೆ ಫಲಿತಾಂಶ ಓದಿದರು. ಮೊದಲ ಬಹುಮಾನ ಬಂದಿತ್ತು, ಒಂಬತ್ತನೇ ತರಗತಿಯ ಸಾಕಮ್ಮನಿಗೆ.