ಹೊರಗಿಂದ ಕಂಡ ಹದ್ದು

ಹವಾಲ್ದಾರ್ ಕಸ್ತೂರಿ ಬಡಿಗೇರ ವರ್ಷಗಟ್ಟಲೆ ಹದ್ದಿನ ಕಣ್ಣಿನಿಂದ ಗಡಿ ಕಾಯ್ದಿದ್ದಳು. ಠಾಣೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರೆ, ಕಿವಿಯ ಹಿಂದೆ ಕೂರಿಸಿದ್ದ ಚಿಪ್ ಮೂಲಕ ಹದ್ದು ಕಂಡದ್ದೆಲ್ಲ ಅವಳಿಗೂ ಕಾಣುತ್ತಿತ್ತು. ಅವಳು ಕತ್ತು ತಿರುಗಿಸಿದ ಕಡೆಗೆ ಅದೂ ತಿರುಗುತ್ತಿತ್ತು. ಈಚೆಗೆ ಹದ್ದು ಕೆಳಗೆರಗಿದಾಗಲೆಲ್ಲ ಅವಳಿಗೆ ಫಿಟ್ಸ್ ಬರತೊಡಗಿತು. ಸೇನೆಯ ವೈದ್ಯ ಮೇಜರ್ ಉತ್ತಪ್ಪ ಆ ಚಿಪ್ ತೆಗೆದು, ಊರಿಗೆ ಹೊರಡಲು ಹೇಳಿದರು.

“ಇನ್ನೊಂದ್ ವರ್ಷ ಇರ್ತೇನ್ರಿ ಸರ್,” ಎಂದಳು ಕಸ್ತೂರಿ.

“ಇನ್ನೊಂದು ಸಲ ಹಾರಿದ್ರೆ ನೀವು ಉಳಿಯಲ್ಲ, ಕಸ್ತೂರಿ.”

ಅವಳು ಕಿವಿಯ ಹಿಂದಿನ ಗಾಯ ಮುಟ್ಟಿಕೊಂಡಳು. “ಹಂಗಾದ್ರ ಅದನ್ನ ಒಮ್ಮೆ ನೋಡ್ಲೇನ್ರಿ? ಒಳಗಿಂದ ನೋಡೀನಿ, ಹೊರಗಿಂದ ಹೆಂಗೈತೋ ಗೊತ್ತಿಲ್ಲ.”

ಚಿಪ್ ಇದ್ದವರು ತಮ್ಮ ಹದ್ದಿನೆದುರು ನಿಂತರೆ ಎರಡು ನೋಟಗಳು ಕಲಸಿಹೋಗಿ ತಲೆ ಸುತ್ತುತ್ತಿತ್ತು. ಹಾಗಾಗಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಈಗ ಆ ಭಯವಿಲ್ಲವೆಂದು ಉತ್ತಪ್ಪ ಅವಳನ್ನು ಪಂಜರದ ಬಳಿಗೆ ಕರೆದೊಯ್ದರು.

“ಇಷ್ಟ ಸಣ್ಣದೈತೇನ್ರಿ!”

ಹದ್ದಿನ ಎದೆ ತಿಳಿ ಕಂದು ಬಣ್ಣದ್ದಾಗಿತ್ತು. ಒಂದು ಉಗುರು ಯಾವಾಗಲೋ ಮುರಿದುಹೋಗಿತ್ತು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಗುರುತು ಹಿಡಿಯುತ್ತದೋ ಏನೋ ಎಂದು ಕಸ್ತೂರಿ ಕತ್ತನ್ನು ಎಡಕ್ಕೆ ತಿರುಗಿಸಿದಳು. ಹದ್ದು ತಿರುಗಲಿಲ್ಲ. ಬಲಕ್ಕೆ ತಿರುಗಿಸಿದಳು. ಆಗಲೂ ಇಲ್ಲ. ಅದು ಅವಳ ಮುಖವನ್ನೇ ದಿಟ್ಟಿಸುತ್ತಿತ್ತು.

“ಏನ್ ನೋಡಾಕತ್ತೈತ್ರಿ ಅದು?”

“ಅದನ್ನ ನಮಗೆ ಹೇಳ್ತಿದ್ದವರು ನೀವೇ ಅಲ್ವಾ?” ಎಂದರು ಉತ್ತಪ್ಪ.

ಕಸ್ತೂರಿಗೆ ನಗು ಬಂತು. ಪಂಜರಕ್ಕೆ ಇನ್ನಷ್ಟು ಹತ್ತಿರ ಹೋಗಿ, ಹದ್ದಿಗೆ ತನ್ನ ಮುಖ ಚೆನ್ನಾಗಿ ಕಾಣಲೆಂದು ಟೋಪಿ ತೆಗೆದು ನಿಂತಳು.