ಯೋಯೋ ಕೆಳಗಿರುವ ತನಕ

ಕೆಳಗೆ ಹೋದ ಯೋಯೋ ಕಣ್ಣು ಮಿಟುಕಿಸುವುದರೊಳಗೆ ಹುಡುಗಿಯ ಅಂಗೈಗೆ ಚಟ್ಟೆಂದು ವಾಪಸ್ ಬಂತು. ನರ್ಸಮ್ಮನ ಹೆಬ್ಬೆರಳು ಇನ್ನೂ ಸಿರಿಂಜಿನ ತಲೆಯನ್ನು ಮುಟ್ಟಿರಲಿಲ್ಲ.

“ಮುಗೀತು,” ಅಂದಳು ಹುಡುಗಿ.

“ಏನ್ ಮುಗೀತು? ಒಂದು ಹನಿ ಒಳಗೆ ಹೋಗಿಲ್ಲ ಕಣೇ.”

“ಮೇಲೆ ಬಂತಲ್ಲ. ಮಾತು ಅಂದ್ರೆ ಮಾತು.”

ಮಾತು ಆಗಿದ್ದು ಹೀಗೆ. ಎಂಟು ವರ್ಷದ ಈ ಹುಡುಗಿಯ ಎಡಗೈಗೆ ಪುಟ್ಟದೊಂದು ನಳಿಕೆ ಕೂರಿಸಿದ್ದರು. ದಿನಕ್ಕೊಂದು ಸಲ ಅದರೊಳಕ್ಕೆ ನಿಧಾನವಾಗಿ ಔಷಧಿ ಒತ್ತಬೇಕು. ಒಂದು ದಿನವೂ ತಪ್ಪುವಂತಿಲ್ಲ. ಒತ್ತುವಾಗ ಕೈಯೆಲ್ಲ ಉರಿಯುತ್ತದೆ. ಹುಡುಗಿ ಬಲಗೈಯಿಂದ ಯೋಯೋ ಎಸೆಯುತ್ತಾಳೆ. ಅದು ದಾರದ ತುದಿಯಲ್ಲಿ ಗಿರಗಿರ ತಿರುಗುತ್ತಿರುವ ತನಕ ನರ್ಸಮ್ಮ ಒತ್ತಬಹುದು. ಉರಿ ತಡೆಯಲಾಗದಿದ್ದರೆ ಹುಡುಗಿ ದಾರ ಜಗ್ಗುತ್ತಾಳೆ, ಯೋಯೋ ಮೇಲೆ ಬರುತ್ತದೆ, ನರ್ಸಮ್ಮ ನಿಲ್ಲಿಸಬೇಕು. ಮಧ್ಯೆ ಅಳುತ್ತಿದ್ದ ಅಮ್ಮನನ್ನು ಹುಡುಗಿಯೇ ವರಾಂಡಕ್ಕೆ ಕಳಿಸಿಬಿಟ್ಟಿದ್ದಳು. ಹತ್ತು ದಿನ ಈ ಒಪ್ಪಂದ ಎರಡು ದೇಶಗಳ ನಡುವಿನ ಒಪ್ಪಂದಕ್ಕಿಂತ ಚೆನ್ನಾಗಿಯೇ ನಡೆಯಿತು. ಹನ್ನೊಂದನೆಯ ದಿನ, ಕೆಳಗೆ ಹೋದ ಯೋಯೋ ಎಷ್ಟು ಜಗ್ಗಿದರೂ ಮೇಲೆ ಬರಲಿಲ್ಲ. ಎರಡು ಬಿಲ್ಲೆಗಳ ಒಳಮೈಯಲ್ಲಿ ದಾರವನ್ನು ಕಚ್ಚಿ ಹಿಡಿಯುವ ರಬ್ಬರ್ ಬಳೆ ಸವೆದು ಉದುರಿಹೋಗಿತ್ತು. “ಇದು ಬರದೇ ಇದ್ರೆ ನೀವು ನಿಲ್ಸೋದೇ ಇಲ್ಲ” ಎಂದು ಹುಡುಗಿ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟಳು. ಅವತ್ತು ಮೂರು ಜನ ಅವಳನ್ನು ಅಮುಕಿ ಹಿಡಿಯಬೇಕಾಯಿತು. ನರ್ಸಮ್ಮನಿಗೆ ಊಟ ಸೇರಲಿಲ್ಲ.

ವಾರ್ಡಿನ ಬಚ್ಚಲಲ್ಲಿ ನೀರು ಸೋರದಂತೆ ಸಿಂಕಿನ ಅಂಚಿಗೆ ಸಿಲಿಕಾನ್ ಅಂಟು ಬಳಿಯುತ್ತಿದ್ದ, ಸಂದಿ ಮುಚ್ಚುವ ಮೇಸ್ತ್ರಿ ಆಗ ಅವಳ ಕಣ್ಣಿಗೆ ಬಿದ್ದ. ಇವನ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಒಂದು ಮನೆಯ ಬಚ್ಚಲಿಗೆ ಎಷ್ಟು ಬಿಗಿಯಾಗಿ ಸಿಲಿಕಾನ್ ತುಂಬಿದ್ದನೆಂದರೆ, ಒಳಗೆ ಸ್ನಾನ ಮಾಡುತ್ತ ಹಾಡಿದವನ ಹಾಡು ಹೊರಗೆ ಬರಲು ದಾರಿ ಕಾಣದೆ ಅಲ್ಲೇ ಉಳಿಯಿತಂತೆ. ಮೂರು ದಿನ ಬಿಟ್ಟು ಮನೆಯವರು ಬಾಗಿಲು ತೆಗೆದಾಗ ಮೊದಲು ಪಲ್ಲವಿ ಬಂತಂತೆ, ಹಿಂದೆಯೇ ಚರಣ. ಅಂಥವನಿಗೆ ಯೋಯೋ ಯಾವ ಲೆಕ್ಕ? ಎರಡು ಬಿಲ್ಲೆ ಬಿಚ್ಚಿ, ಒಳಗೆ ರಬ್ಬರ್ ಬಳೆಯಿದ್ದ ತಗ್ಗಿಗೆ ಸಿಲಿಕಾನ್ ತುಂಬಿ, ಸೋಪಿನ ನೀರಲ್ಲಿ ಅದ್ದಿದ ಬೆರಳಿಂದ ನೀವಿ, ಒಂದು ದಿನ ಪೂರ್ತಿ ಒಣಗಿಸಿ ಇವತ್ತು ತಂದು ಕೊಟ್ಟಿದ್ದ. ಸಿಂಕಿಗೆ ಮಾಡುವ ಹಾಗೆಯೇ, ಅಂಚನ್ನು ದುಂಡಗೆ ಉಬ್ಬಿಸಿ.

“ಇದೇನ್ರೀ ಮೇಸ್ತ್ರಿ ಹೀಗ್ ಮಾಡಿದೀರಾ?”

“ನೀರು ಒಳಗೆ ಹೋಗಲ್ಲ ಸಿಸ್ಟರ್. ಗ್ಯಾರಂಟಿ.”

“ಯೋಯೋ ಒಳಗೆ ನೀರು ಯಾಕ್ರೀ ಹೋಗುತ್ತೆ?”

ಮೇಸ್ತ್ರಿ ಯೋಚಿಸಿದ. ಮೂವತ್ತು ವರ್ಷದಲ್ಲಿ ಅವನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

“ಉಬ್ಬಿರೋದು ದಾರಾನ ಬಿಡ್ತಾ ಇಲ್ಲ, ಮಾಮ,” ಹುಡುಗಿ ವಿವರಿಸಿದಳು, ದಡ್ಡ ವಿದ್ಯಾರ್ಥಿಗೆ ಹೇಳುವ ಹಾಗೆ. “ಸಮ ಮಾಡಿ.”

ಮೇಸ್ತ್ರಿ ಬ್ಲೇಡು ತೆಗೆದು ಒಂದು ಪದರ ಹೆರೆದ. ಹುಡುಗಿ ಎಸೆದಳು. ಮೂರು ಎಣಿಸುವಷ್ಟರಲ್ಲಿ ತಾನಾಗಿಯೇ ವಾಪಸ್. ಇನ್ನೊಂದು ಪದರ. ಈಗ ಏಳು ಎಣಿಸುವಷ್ಟು. ಆಗ ನರ್ಸಮ್ಮ ಅವನನ್ನು ಕಿಟಕಿಯ ಹತ್ತಿರ ಕರೆದಳು.

“ಪೂರ್ತಿ ಕೆರೆದುಬಿಡಿ,” ಎಂದಳು ಮೆಲ್ಲಗೆ. “ಕೆಳಗೆ ಹೋದ್ರೆ ಬರೋದೇ ಬೇಡ. ನಂಗೆ ಇಪ್ಪತ್ತು ಎಣಿಸೋಷ್ಟು ಹೊತ್ತು ಸಿಕ್ಕಿದ್ರೆ ಸಾಕು.”

“ಅವಳು ಜಗ್ಗಿದ್ರೆ?”

“ಜಗ್ಗಲಿ. ಅಷ್ಟರಲ್ಲಿ ಔಷಧಿ ಹೋಗಿರುತ್ತೆ. ಅವಳ ಒಳ್ಳೇದಕ್ಕೇ ತಾನೇ ಹೇಳ್ತಿರೋದು? ನಿನ್ನೆ ಥರ ಹಿಡ್ಕೊಳ್ಳೋಕೆ ನನ್ ಕೈಲಿ ಆಗಲ್ಲ ಮೇಸ್ತ್ರಿ.”

ಮೇಸ್ತ್ರಿ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. “ಅದು ಅವಳು ಹೊರಗೆ ಬರೋ ಬಾಗಿಲು ಸಿಸ್ಟರ್,” ಅಂದ. “ನಾನು ಸಂದಿ ಮಾತ್ರ ಮುಚ್ಚೋನು.”

“ಏನ್ ಅಲ್ಲಿ ಪಿಸಪಿಸ?” ಹಾಸಿಗೆಯಿಂದ ಕೂಗು ಬಂತು.

“ದೊಡ್ಡೋರ ಮಾತು ಪುಟ್ಟಿ.”

“ಯೋಯೋ ನಂದು.”

ಮೇಸ್ತ್ರಿ ಉಗುರು ಎಳೆದರೆ ಎಲ್ಲೂ ತಡೆಯದಷ್ಟು ಸಮವಾಗುವ ತನಕ ಹೆರೆದ. ಆಮೇಲೆ ಒಂದು ಕೂದಲಿನಷ್ಟೂ ಹೆರೆಯಲಿಲ್ಲ. ಹುಡುಗಿ ಎಸೆದಳು. ಯೋಯೋ ಕೆಳಗೆ ನಿಂತು ಜೀರುಂಡೆಯ ಹಾಗೆ ಗುಂಯ್‌ಗುಟ್ಟಿತು. ಜಗ್ಗಿದಳು, ಬಂತು. ಇನ್ನೊಮ್ಮೆ ಎಸೆದು, ಇನ್ನೊಮ್ಮೆ ಜಗ್ಗಿ, ಅಂಗಡಿಯವನ ತಕ್ಕಡಿ ನೋಡುವವಳಂತೆ ಪರೀಕ್ಷೆ ಮಾಡಿದಳು. ಮೂರನೆಯ ಸಲಕ್ಕೆ, ಮತ್ತೆ ಹೊದಿಕೆಯೊಳಗೆ ಸೇರಿಸಿದ್ದ ಎಡಗೈಯನ್ನು ಹೊರಗೆ ಚಾಚಿದಳು.

ಹುಡುಗಿ ಯೋಯೋ ಕೆಳಗೆ ಬಿಟ್ಟು ಒಂದು, ಎರಡು ಎಂದು ಎಣಿಸಿದಳು, ನರ್ಸಮ್ಮ ಒತ್ತತೊಡಗಿದಳು. ಹತ್ತಕ್ಕೆ ಬರುವ ಹೊತ್ತಿಗೆ ಹುಡುಗಿ ಎಣಿಸುವುದನ್ನು ನಿಲ್ಲಿಸಿದಳು. ತುಟಿ ವಕ್ರವಾಯಿತು, ಕಣ್ಣು ತುಂಬಿತು. ಇನ್ನೂ ನಾಲ್ಕು ಉಸಿರಿನಷ್ಟು ಹೊತ್ತು ತಡೆದು, ಜಗ್ಗಿದಳು. ಯೋಯೋ ಮೇಲೆ ಬಂತು.

ಸಿರಿಂಜಿನಲ್ಲಿ ಎರಡು ಗೆರೆಯಷ್ಟು ಔಷಧಿ ಉಳಿದಿತ್ತು. ಹುಡುಗಿಯ ಕಣ್ಣು ಯೋಯೋ ಮೇಲೆ. ಹೆಬ್ಬೆರಳು ಒಂಚೂರು ಮುಂದೆ ಹೋದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಮೇಸ್ತ್ರಿ ಆ ಹೊತ್ತಿಗೆ ಸರಿಯಾಗಿ ಚಾವಣಿಯಲ್ಲಿ ಏನೋ ಬಿರುಕು ಹುಡುಕುತ್ತಿದ್ದ. ನರ್ಸಮ್ಮ ಉಸಿರು ಬಿಟ್ಟು ಹೆಬ್ಬೆರಳನ್ನು ಮೇಲೆತ್ತಿದಳು.

ಹುಡುಗಿ ಸಿರಿಂಜನ್ನು ನೋಡಿದಳು. ಗಾಳಿಯಲ್ಲಿ ನಿಂತ ಹೆಬ್ಬೆರಳನ್ನು ನೋಡಿದಳು.

“ಇನ್ನೂ ಇದೆಯಲ್ಲ,” ಎಂದಳು.

“ಇದೆ.”

ಹುಡುಗಿ ಮೂಗನ್ನು ಭುಜಕ್ಕೆ ಒರೆಸಿಕೊಂಡು, ಯಾರೂ ಕೇಳದೆಯೇ, ಯೋಯೋವನ್ನು ಮತ್ತೆ ಕೆಳಗೆ ಬಿಟ್ಟಳು.